ಬರೆದ ತೋಟಕ್ಕೆ ಮತ್ತೊಮ್ಮೆ ಹೋಗು

ನೋಡವ್ವಾ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಪದವಿ ಹಿಡಿದುಕೊಂಡು ಕೆರೂರಿಗೆ ಬಂದಿದ್ದೀ. ನೌಕರಿಗೆ ಅರ್ಜಿ ಹಾಕುತ್ತ ಕೂಡುವ ಬದಲು ತೋಟ, ಗಿಡ, ಕಾಯಿಪಲ್ಲೆಯ ಬಗ್ಗೆ ಬರೆಯುತ್ತೇನೆ, ವಿಡಿಯೊ ಮಾಡುತ್ತೇನೆ, ರೇಡಿಯೊದಲ್ಲಿ ಮಾತಾಡುತ್ತೇನೆ ಅನ್ನುತ್ತೀ. ಬೇಡ ಅನ್ನುವವ ನಾನಲ್ಲ. ನಾನೂ ಅದೇ ಕೆಲಸದಲ್ಲಿ ತಲೆ ನರೆಸಿಕೊಂಡವ. ಆದರೆ ಮೊದಲೇ ಒಂದು ಮಾತು ತಿಳಿದಿರಲಿ. ಸಿನಿಮಾದ ಬಗ್ಗೆ ಬರೆದವನ ಮಾತು ಸುಳ್ಳಾದರೆ ಓದಿದವನಿಗೆ ಒಂದು ಟಿಕೆಟಿನ ದುಡ್ಡು ಹೋದೀತು. ದಾಳಿಂಬರಿಯ ಬಗ್ಗೆ ಬರೆದವನ ಮಾತು ಸುಳ್ಳಾದರೆ ಗಿಡ ಹೋಗಿ ಬ್ಯಾಂಕಿನ ಸಾಲ ಉಳಿಯುತ್ತದೆ.

ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟಪ್ರಭೆಯ ದಂಡೆಯ ಕಲಾದಗಿ ಮೊದಲಿನಿಂದಲೂ ಹಣ್ಣಿನ ಊರು: ಚಿಕ್ಕು, ಪೇರಲ, ದ್ರಾಕ್ಷಿ, ದಾಳಿಂಬರಿ. ಇಪ್ಪತ್ತು-ಇಪ್ಪತ್ತೈದು ವರ್ಷದ ಹಿಂದೆ ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆ ದಾಳಿಂಬರಿಯ ಹುಚ್ಚು ಎದ್ದಾಗ ಜೋಳ ಬೆಳೆಯುತ್ತಿದ್ದ ಹೊಲದಲ್ಲೂ ಹನಿ ನೀರಾವರಿಯ ಪೈಪು ಎಳೆದರು. ಪತ್ರಿಕೆ ತೆರೆದರೆ ಯಶೋಗಾಥೆ. ಕೈಯಲ್ಲಿ ಕೆಂಪು ಹಣ್ಣು, ಮುಖದಲ್ಲಿ ನಗು, ಕೆಳಗೆ ಲಕ್ಷಗಳ ಲೆಕ್ಕ. ಆಮೇಲೆ ದುಂಡಾಣು ಅಂಗಮಾರಿ ಬಂತು. ಎಲೆಯ ಮೇಲೆ ನೀರು ಹೀರಿದಂಥ ಸಣ್ಣ ಚುಕ್ಕಿ, ಅದು ಕಂದಾಗಿ ಸುತ್ತಲೂ ಹಳದಿ ಉಂಗುರ. ಟೊಂಗೆಯ ಗಿಣ್ಣಿಗೆ ಕಪ್ಪು ಪಟ್ಟಿ ಸುತ್ತಿಕೊಂಡು ಅಲ್ಲೇ ಮುರಿಯುವುದು. ಕಾಯಿಯ ಮೇಲೆ ಎಣ್ಣೆ ಹತ್ತಿದಂಥ ಕಪ್ಪು ಕಲೆ, ಕಲೆಯ ನಡುವೆ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಸೀಳು. ಮಳೆಹನಿ ಸಿಡಿದು ಹರಡಿತು, ಚಾಟಣಿ ಮಾಡುವ ಕತ್ತರಿಯ ಬಾಯಿಂದ ಹರಡಿತು, ರೋಗದ ತೋಟದಲ್ಲಿ ಕಟ್ಟಿದ ಗೂಟಿ ಸಸಿಯ ಜೊತೆ ಲಾರಿ ಹತ್ತಿ ಜಿಲ್ಲೆಯಿಂದ ಜಿಲ್ಲೆಗೆ ಹೋಯಿತು. ಎಷ್ಟೋ ರೈತರು ಗಿಡಗಳನ್ನು ಬುಡಸಮೇತ ಕಿತ್ತು ಹಾಕಿದರು. ಹಣ್ಣು ಹಿಡಿದು ನಿಂತವರ ಫೋಟೊ ತೆಗೆಯಲು ಬಂದವರಲ್ಲಿ, ಕಿತ್ತ ಗಿಡದ ರಾಶಿಯ ಮುಂದೆ ನಿಂತವನನ್ನು ನೋಡಲು ತಿರುಗಿ ಬಂದವರು ಬೆರಳೆಣಿಕೆ.

ರೋಗಕ್ಕೆ ಬರೆಯುವವರು ಕಾರಣರಲ್ಲ, ಒಪ್ಪುತ್ತೇನೆ. ಆದರೆ ಸಸಿ ಎಲ್ಲಿಂದ ತಂದಿರಿ ಎಂಬ ಒಂದು ಪ್ರಶ್ನೆಯನ್ನು ಆ ಲೇಖನಗಳಲ್ಲಿ ಅರ್ಧದಷ್ಟಾದರೂ ಕೇಳಿದ್ದರೆ ಓದುಗ ಎಚ್ಚರಾಗುತ್ತಿದ್ದ. ನಮ್ಮೂರ ಮೇಲೆ ಹಾಯ್ದ ಹೆದ್ದಾರಿಯನ್ನೇ ಹಿಡಿದು ವಿಜಯಪುರ ದಾಟಿದರೆ ಸೊಲ್ಲಾಪುರ; ಅಲ್ಲಿ 2005ರಲ್ಲಿ ದಾಳಿಂಬರಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಆಯಿತು. 2008ರಲ್ಲಿ ನಿನ್ನ ವಿಶ್ವವಿದ್ಯಾಲಯ ಹುಟ್ಟಿತು. ಬಹಾರ ಅಂದರೆ ಗಿಡದಲ್ಲಿ ಹೂ ತರಿಸುವ ಹಂಗಾಮು; ಮಳೆಗಾಲದ ಮೃಗ ಬಹಾರ ಬಿಡಿ, ಹಸ್ತ ಬಹಾರ ಹಿಡಿಯಿರಿ ಎಂಬ ಸಲಹೆ ಈಗ ಎಲ್ಲರ ಬಾಯಲ್ಲಿದೆ. ಬಹಳ ಬರಹಗಳು ಅಷ್ಟಕ್ಕೇ ನಿಲ್ಲುತ್ತವೆ. ನೀನು ಕಾರಣವನ್ನೂ ಬರೆ. ಗಿಡಕ್ಕೆ ತಿಂಗಳ ಮೇಲೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಚಾಟಣಿ ಮಾಡಿ, ಗೊಬ್ಬರ ಕೊಟ್ಟು, ಆಮೇಲೆ ನೀರು ಬಿಟ್ಟರೆ ಹೂ ಬರುತ್ತದೆ. ಜೂನ್-ಜುಲೈದಲ್ಲಿ ಹೂ ಬಂದರೆ ಎಳೆ ಕಾಯಿ ಮಳೆಗೆ ಸಿಗುತ್ತದೆ, ದುಂಡಾಣುವಿಗೆ ಹಬ್ಬ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೂ ತರಿಸಿದರೆ ಕಾಯಿ ಒಣ ಹವೆಯಲ್ಲಿ ಬಲಿಯುತ್ತದೆ. ಕಾರಣ ಗೊತ್ತಾದ ರೈತ ಹಸ್ತ ಮಳೆ ಜೋರು ಹಿಡಿದ ವರ್ಷ ತಾನೇ ಬಹಾರವನ್ನು ಹದಿನೈದು ದಿನ ಮುಂದೆ ಹಾಕುತ್ತಾನೆ. ತಾರೀಖು ಮಾತ್ರ ಗೊತ್ತಾದವ ನಿನಗೆ ಫೋನ್ ಮಾಡಿ ಬೈಯುತ್ತಾನೆ.

ಅದಕ್ಕೇ ಹೇಳುವುದು, ಬರೆದ ತೋಟಕ್ಕೆ ಮತ್ತೊಮ್ಮೆ ಹೋಗು. ಮೊದಲ ಸಲ ಹೋದಾಗ ನೋಟಬುಕ್ಕಿನಲ್ಲಿ ಮಾತ್ರ ಬರಿ. ಮಾಲು ಮಾರಿ ದುಡ್ಡು ಕೈಗೆ ಬಂದ ಮೇಲೆ ಎರಡನೆಯ ಸಲ ಹೋಗಿ ಲೇಖನ ಬರಿ. ಮೂರನೆಯ ಸಲ, ಎರಡು ವರ್ಷ ಬಿಟ್ಟು, ಯಾರೂ ಕರೆಯದಿದ್ದರೂ ಹೋಗು. ಸಂಪಾದಕರು ಆ ಮೂರನೆಯ ಲೇಖನವನ್ನು ಸುಲಭಕ್ಕೆ ಒಪ್ಪುವುದಿಲ್ಲ, ‘ಇದು ಹಳೇ ಸುದ್ದಿ’ ಅನ್ನುತ್ತಾರೆ. ಬಿಡಬೇಡ. ಓದುಗನಿಗೆ ನಿನ್ನ ಮೇಲೆ ನಂಬಿಗೆ ಹುಟ್ಟುವುದು ಆ ಲೇಖನದಿಂದಲೇ.

ಲೆಕ್ಕ ಕೇಳುವಾಗ ನಾಚಿಕೆ ಬಿಡು. ಎಕರೆಗೆ ಹತ್ತು ಲಕ್ಷ ಬಂತು ಅಂದರೆ ಮಾರಿದ ದುಡ್ಡೋ, ಖರ್ಚು ಕಳೆದು ಉಳಿದದ್ದೋ? ಕೊಳವೆ ಬಾವಿ ಎಷ್ಟು ಕೊರೆಸಿದರು, ಎಷ್ಟರಲ್ಲಿ ನೀರು ಬಿತ್ತು? ಬಿಟ್ಟಿ ಹೋದ ಬೋರಿನ ಖರ್ಚು ಲೆಕ್ಕದಲ್ಲಿ ಇದೆಯೋ? ಹನಿ ನೀರಾವರಿಗೆ ಸಬ್ಸಿಡಿ ಎಷ್ಟು? ಮನೆಮಂದಿ ದುಡಿದದ್ದಕ್ಕೆ ಕೂಲಿ ಹಿಡಿದರೋ? ಇಷ್ಟು ಕೇಳಿದ ಮೇಲೆ ಹತ್ತು ಲಕ್ಷ ಅಂದವರೇ ನಕ್ಕು ಮೂರಕ್ಕೆ ಇಳಿಯುತ್ತಾರೆ. ಮೂರು ಲಕ್ಷವೂ ಒಳ್ಳೆಯ ಸುದ್ದಿಯೇ, ಅದನ್ನೇ ಬರಿ.

ಇನ್ನೊಂದು. ಮಾತಾಡುವವರು ಯಜಮಾನರು. ಚಹ ತಂದಿಟ್ಟು ಬಾಗಿಲ ಸಂದಿನಲ್ಲಿ ನಿಂತವಳು ಮನೆಯಾಕೆ. ಬೀಜದ ಸೌತಿಕಾಯಿ ಯಾವ ಬಳ್ಳಿಯಿಂದ ಬಿಡಬೇಕು, ಬದನಿಬೀಜ ಬೂದಿಯಲ್ಲಿ ಕಲಸಿ ಎಲ್ಲಿ ತೂಗು ಹಾಕಬೇಕು, ಬಚ್ಚಲ ನೀರಿಗೆ ಬಾಳೆ ಹಚ್ಚಿದರೆ ಸಾಬೂನಿನ ನೀರು ಎತ್ತ ತಿರುವಬೇಕು, ಇವೆಲ್ಲ ಆಕೆಯ ಕೈಯಲ್ಲಿವೆ. ನೀನು ಹೆಣ್ಣುಮಗಳು, ಅಡುಗೆಮನೆಗೆ ಸಲೀಸಾಗಿ ಹೋಗಬಲ್ಲೆ. ನಮ್ಮಂಥ ಗಂಡಸರು ಪಡಸಾಲೆ ದಾಟದೆ ಎಷ್ಟೋ ಕಳೆದುಕೊಂಡೆವು. ಆ ಸಲಿಗೆಯನ್ನು ಬಳಸಿಕೊ. ಲೇಖನದಲ್ಲಿ ಆಕೆಯ ಹೆಸರು ಹಾಕು, ‘ಅವರ ಪತ್ನಿ’ ಅಂತ ಮುಗಿಸಬೇಡ.

ಮಣ್ಣು, ನೀರು, ತಿಂಗಳು ಈ ಮೂರನ್ನೂ ಹೇಳದ ತೋಟದ ಲೇಖನ ನಮಗೆ ಬೇಡ. ಬೆಂಗಳೂರಿನಲ್ಲಿ ಕೂತು ಬರೆದ ಕೈತೋಟದ ಪಂಚಾಂಗ ಇಲ್ಲಿ ನಡೆಯುವುದಿಲ್ಲ. ಹುನಗುಂದದ ಕಡೆ ಕರಿ ಎರಿ, ಬಾದಾಮಿ-ಕೆರೂರಿನಲ್ಲಿ ಬಹಳ ಕಡೆ ಕೆಂಪು ಮಸಾರಿ, ಗುಡ್ಡದ ಬುಡಕ್ಕೆ ಗರಸು. ಎರಿಯಲ್ಲಿ ಗಿಡದ ಬುಡಕ್ಕೆ ನೀರು ನಿಂತು ಬೇರು ಕೊಳೆತರೆ ಮಸಾರಿಯಲ್ಲಿ ಅದೇ ನೀರು ಸಂಜೆಗೆ ಮಾಯ. ನಮ್ಮ ಮಳೆಯೂ ಬೇರೆ. ಮೃಗಶಿರ ಕೈಕೊಟ್ಟರೂ ಉತ್ತರಿ-ಹಸ್ತದ ಮೇಲೆ ಜೀವ ಇಟ್ಟುಕೊಂಡ ಸೀಮೆ. ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಚೀಚೆ. ಮಲೆನಾಡಿನ ತೋಟದ ಫೋಟೊ ಹಾಕಿ ಇಲ್ಲಿಯ ರೈತರಿಗೆ ಪಾಠ ಹೇಳಿದರೆ ಅವರು ಫೋಟೊ ನೋಡಿ ಖುಷಿ ಪಡುತ್ತಾರೆ, ಅಷ್ಟೆ. ತಳಿಯ ಹೆಸರನ್ನೂ ಬಿಡಬೇಡ, ಹೆಸರನ್ನು ಪೂರಾ ನಂಬಲೂ ಬೇಡ. ಲಕ್ನೋ-49 ಎಂಬ ಪೇರಲವನ್ನು ಆಯ್ಕೆ ಮಾಡಿ ತೆಗೆದದ್ದು ಲಕ್ನೋದಲ್ಲಲ್ಲ, ಪುಣೆಯಲ್ಲಿ. ಗಣೇಶ ದಾಳಿಂಬರಿಯೂ ಪುಣೆಯ ಗಣೇಶಖಿಂಡ ಕೇಂದ್ರದ್ದೇ.

ಪ್ರಮಾಣ ಬರೆಯುವಾಗ ಮಾತ್ರ ದೇವರ ಮುಂದೆ ಕೂತಂತೆ ಕೂಡು. ಒಂದು ಸೊನ್ನೆ ಜಾಸ್ತಿಯಾದರೆ ತೋಟ ಸುಟ್ಟುಹೋಗುತ್ತದೆ. ಬೋರ್ಡೋ ದ್ರಾವಣವನ್ನೇ ತಗೊ. ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಅಷ್ಟು ಬರೆದರೆ ಮುಗಿಯಲಿಲ್ಲ. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ತಗಡಿನ ಡಬ್ಬಿಯಲ್ಲಿ ಅಲ್ಲ, ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಪಾತ್ರೆಯಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹಾಕಬೇಕು, ತಿರುಗಾಮುರುಗಾ ಮಾಡಿದರೆ ಕೆಡುತ್ತದೆ. ಕೊನೆಗೆ ಕುಡುಗೋಲಿನ ಉಜ್ಜಿದ ತುದಿಯನ್ನು ಒಂದು ನಿಮಿಷ ಅದ್ದಿ ನೋಡಬೇಕು. ತುದಿ ಕೆಂಪಗೆ ತಾಮ್ರ ಹತ್ತಿ ಬಂದರೆ ಇನ್ನೂ ಸುಣ್ಣ ಬೇಕು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಹೊಡೆಯಬೇಕು. ಪುಸ್ತಕದಲ್ಲಿ ಇದೆಲ್ಲ ಇದೆ, ನಿಜ. ಆದರೆ ಕುಡುಗೋಲು ಅದ್ದಿದ್ದನ್ನು ಕಣ್ಣಾರೆ ನೋಡಿ ಬರೆದ ಸಾಲೇ ರೈತನ ತಲೆಯಲ್ಲಿ ಕೂಡುವುದು.

ಈ ದ್ರಾವಣದ ಹುಟ್ಟೂ ನಮ್ಮ ಕಸುಬಿನವರಿಗೆ ಪಾಠ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗೆ ತಾಮ್ರ, ಸುಣ್ಣದ ನೀರು ಬಳಿಯುತ್ತಿದ್ದರು. 1882ರಲ್ಲಿ ತೋಟಗಳ ನಡುವೆ ನಡೆದುಹೋಗುತ್ತಿದ್ದ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ, ಒಳಗಿನ ಸಾಲುಗಳಿಗೆ ರೋಗ ಹತ್ತಿ ಎಲೆ ಉದುರಿದ್ದನ್ನೂ ರಸ್ತೆ ಬದಿಯ ಬಳ್ಳಿ ಹಸಿರಾಗಿದ್ದುದನ್ನೂ ಕಂಡ. ಕಂಡದ್ದನ್ನು ಬಿಡದೆ ಕೇಳಿ, ಪರೀಕ್ಷಿಸಿ 1885ರಲ್ಲಿ ಜಗತ್ತಿಗೆ ಹೇಳಿದ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ತಂದರು. ಕಳ್ಳರ ಸಲುವಾಗಿ ಬಳಿದದ್ದು ರೋಗಕ್ಕೆ ಮದ್ದಾಯಿತು. ತೋಟಕ್ಕೆ ಹೋದಾಗ ಯಜಮಾನ ತೋರಿಸಿದ ಸಾಲನ್ನಷ್ಟೇ ನೋಡಬೇಡ, ಬದುವಿಗೆ ಹತ್ತಿದ ಕಡೆಯ ಸಾಲನ್ನೂ ನೋಡಿ ಬಾ.

ರಾಸಾಯನಿಕದ ಹೆಸರು ಬರೆಯುವಾಗ ಇನ್ನೂ ಜೋಕೆ. ನಿನ್ನೆಯ ಶಿಫಾರಸು ಇವತ್ತಿನ ನಿಷೇಧ ಆಗುತ್ತದೆ. ಎಂಡೋಸಲ್ಫಾನನ್ನು ದಶಕಗಟ್ಟಲೆ ಎಲ್ಲ ಬೆಳೆಗೂ ಹೇಳಿದರು. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದರು. ಆ ಊರುಗಳಲ್ಲಿ ಏನೋ ಸರಿಯಿಲ್ಲವೆಂದು ಬಹಳ ಮೊದಲೇ ಬರೆದವರು ಅಲ್ಲಿಯ ಕೃಷಿಕರೇ ಆದ ಶ್ರೀ ಪಡ್ರೆ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ನಡುವೆ ಎಷ್ಟೋ ವರ್ಷ ಹೋದವು. ಊರಲ್ಲೇ ಇದ್ದು, ನೆರೆಮನೆಯ ಕೊಟ್ಟಿಗೆಯಲ್ಲಿ ಹುಟ್ಟುವ ಕರುವನ್ನು ನೋಡುವವನಿಗೆ ಗೊತ್ತಾಗುವುದು ದೂರದಿಂದ ಬಂದು ಹೋಗುವ ವರದಿಗಾರನಿಗೆ ಗೊತ್ತಾಗುವುದಿಲ್ಲ. ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಲ್ಲಿ ಶುರುವಾದಾಗ ಹಿಡಿದ ದಾರಿಯೂ ಅದೇ: ಕೃಷಿಕನೇ ಬರೆಯಲಿ, ಪತ್ರಕರ್ತ ತಿದ್ದಲಿ. ಧಾರವಾಡದ ಕೃಷಿ ಮಾಧ್ಯಮ ಕೇಂದ್ರ ಹೀಗೆ ಬರೆಯುವುದನ್ನು ಕಲಿಸುವ ಕೆಲಸ ಮಾಡಿತು. ಕರಾವಳಿಯ ಅಡಿಕೆಗೆ ಇಷ್ಟು ಒಳ್ಳೆಯ ಪತ್ರಿಕೆ ಆದಂತೆ ನಮ್ಮ ಉಳ್ಳಾಗಡ್ಡಿ, ಮೆಣಸಿನಕಾಯಿ, ದಾಳಿಂಬರಿಗೆ ಯಾಕೆ ಆಗಲಿಲ್ಲ ಎಂಬುದು ನನಗೆ ಇವತ್ತಿಗೂ ಚುಚ್ಚುವ ಮಾತು. ನಿನ್ನ ವಾರಿಗೆಯವರು ನಾಲ್ಕು ಮಂದಿ ಸೇರಿದರೆ ಆಗದ ಕೆಲಸವಲ್ಲ.

ರೇಡಿಯೊಕ್ಕೆ ಮಾತಾಡುವುದಾದರೆ ಬೇರೆ ಹದ. ಧಾರವಾಡ ಆಕಾಶವಾಣಿ 1950ರಿಂದ ಈ ಭಾಗದ ಹೊಲಗಳಲ್ಲಿ ಮಾತಾಡುತ್ತ ಬಂದಿದೆ. ಕೇಳುವವ ಕಳೆ ತೆಗೆಯುತ್ತಿರುತ್ತಾನೆ, ಹಾಳೆ ತಿರುವಿ ಮತ್ತೆ ಓದಲು ಬರುವುದಿಲ್ಲ. ಅಂಕಿ ಎರಡು ಸಲ ಹೇಳು, ಎರಡನೆಯ ಸಲ ಮನೆಯ ಅಳತೆಯಲ್ಲಿ ಹೇಳು. ವಿಡಿಯೊದಲ್ಲಿ ಕೆಲಸದ ಕೈ ಕಾಣಲಿ, ನಿನ್ನ ಮುಖ ಆಮೇಲೆ. ರೋಗದ ಎಲೆಯ ಬೆನ್ನು ತೋರಿಸದ ವಿಡಿಯೊ ನೋಡಿ ನನಗೆ ಸಾಕಾಗಿದೆ. ಹುಳ ಕೂತಿರುವುದು ಬೆನ್ನ ಮೇಲೆ, ಇವರು ತೋರಿಸುವುದು ಹೊಟ್ಟೆ. ಎಲೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಡು, ಅಳತೆ ತಿಳಿಯುತ್ತದೆ.

ದುಡ್ಡಿನ ಮಾತಿಗೆ ಬಾ, ಕೇಳಲು ನಾಚುತ್ತಿದ್ದೀ ಅಂತ ಗೊತ್ತು. ಇದರಿಂದಲೇ ಹೊಟ್ಟೆ ತುಂಬುವುದಿಲ್ಲ. ಪತ್ರಿಕೆಯ ಗೌರವಧನ ಕೆಲವೊಮ್ಮೆ ಬಸ್ ಚಾರ್ಜಿಗೂ ಸಾಲದು, ಅದೂ ಬರುವುದು ನೀನು ಮರೆತ ಮೇಲೆ. ಎರಡೆಕರೆ ಇಟ್ಟುಕೊ, ಇಲ್ಲವೆ ಸಣ್ಣ ನರ್ಸರಿ, ಇಲ್ಲವೆ ಪಾಠ ಹೇಳುವ ಕೆಲಸ. ಬರಹ ಅದರ ಮೇಲೆ ನಿಲ್ಲಲಿ. ನರ್ಸರಿ ಮಾಡಿದರೆ ನೀನು ಮಾರುವ ಸಸಿಯ ಬಗ್ಗೆ ಬರೆಯುವಾಗ ‘ಇದನ್ನು ನಾನೇ ಮಾರುತ್ತೇನೆ’ ಎಂದು ಮೊದಲ ಸಾಲಿನಲ್ಲೇ ಹೇಳು. ಔಷಧಿ ಕಂಪನಿಯವರು ದೀಪಾವಳಿಗೆ ಮಿಠಾಯಿ ಡಬ್ಬಿ ತರುತ್ತಾರೆ, ಆಮೇಲೆ ಕ್ಷೇತ್ರೋತ್ಸವಕ್ಕೆ ಕಾರು ಕಳಿಸುತ್ತಾರೆ. ಒಮ್ಮೆ ಹೀಗೆ ಹತ್ತಿದ ಕಾರಿನಲ್ಲಿ ವಾಪಸು ಬರುವಾಗ ಅವರೇ ಬರೆದ ಲೇಖನ ನನ್ನ ಕೈಗಿಟ್ಟು ‘ಹೆಸರು ನಿಮ್ಮದು ಹಾಕ್ರಿ’ ಅಂದರು. ನಾನು ಅಲ್ಲೇ ಗದ್ದನಕೇರಿ ಕ್ರಾಸಿನಲ್ಲಿ ಇಳಿದು ಬಸ್ಸಿಗೆ ಬಂದೆ. ಬಸ್ಸಿನಲ್ಲಿ ಹೋದರೆ ಯಾವ ಪ್ಲಾಟಿಗೂ ಹೋಗಬಹುದು, ಕಾರಿನಲ್ಲಿ ಹೋದರೆ ಅವರು ತೋರಿಸಿದ ಪ್ಲಾಟು ಮಾತ್ರ.

ಓದುವುದನ್ನು ಬಿಡಬೇಡ. ಪಾಠದ ಪುಸ್ತಕ ಮಾತ್ರ ಸಾಲದು. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಹುಡುಗರನ್ನು ಕಾಡಿಗೆ ಕರೆದೊಯ್ದ ಕತೆ ಹೇಳುತ್ತ ನಗಿಸುತ್ತಲೇ ಗಿಡದ ಕುಲಗೋತ್ರ ತಲೆಗೆ ಹಾಕುತ್ತಾರೆ. ಕೆರೂರ ಸಂತೆಯಲ್ಲಿ ಕೂತ ಮೆಣಸಿನಕಾಯಿ, ಆಲೂಗಡ್ಡಿ, ಟೊಮೆಟೊ, ಶೇಂಗಾ, ಪೇರಲ ಎಲ್ಲವೂ ಅಮೆರಿಕ ಖಂಡದಿಂದ ಬಂದವು ಎಂಬುದನ್ನು ಅವರಂತೆ ಸ್ವಾರಸ್ಯವಾಗಿ ಹೇಳಿದವರನ್ನು ನಾನು ಓದಿಲ್ಲ. ಜಗತ್ತಿಗೆ ‘ರೋಬೋಟ್’ ಎಂಬ ಮಾತು ಕೊಟ್ಟ ನಾಟಕ ಬರೆದ ಚೆಕ್ ಲೇಖಕ ಕಾರೆಲ್ ಚಾಪೆಕ್, 1929ರಲ್ಲಿ ತೋಟಗಾರನ ಹನ್ನೆರಡು ತಿಂಗಳ ಪಾಡನ್ನು ಒಂದು ಪುಸ್ತಕ ಮಾಡಿದ, ಅದೂ ಪೂರಾ ನಗೆಯೇ. ನಮ್ಮ ತೋಟಗಾರಿಕೆ ಲೇಖನಗಳು ಸುತ್ತೋಲೆಯಂತೆ ಯಾಕೆ ಇರಬೇಕು ಹೇಳು. ಪೈಪು ಒಡೆದು ಮುಖಕ್ಕೆ ನೀರು ಚಿಮ್ಮಿದ್ದನ್ನೂ ಬರೆಯಬಹುದು.

ಇನ್ನೂ ಹಿಂದಕ್ಕೆ ಹೋದರೆ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ಎಂಬವ ‘ಲೋಕೋಪಕಾರ’ ಬರೆದ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಇವ ಬೇರೆ. ನೆಲದಲ್ಲಿ ನೀರು ಎಲ್ಲಿದೆ ಎಂದು ನೋಡುವ ಬಗೆ, ಗಿಡಮರಗಳ ಆರೈಕೆಯ ವೃಕ್ಷಾಯುರ್ವೇದ, ಅಡುಗೆಯ ಪಾಕ, ಮನುಷ್ಯರಿಗೂ ದನಕರುಗಳಿಗೂ ಮದ್ದು, ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಕನ್ನಡದ ಪದ್ಯದಲ್ಲಿ ಕಟ್ಟಿಟ್ಟ. ಅಂದರೆ ನಿನ್ನ ಕಸುಬಿಗೆ ಈ ಭಾಷೆಯಲ್ಲಿ ಸಾವಿರ ವರ್ಷ ತುಂಬಿತು. ಅದರಲ್ಲಿ ಹೇಳಿದ ಮದ್ದೆಲ್ಲ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಒಂದೆರಡನ್ನು ನಿನ್ನ ಎರಡೆಕರೆಯಲ್ಲಿ ಮಾಡಿ ನೋಡಿ, ಆದದ್ದನ್ನೂ ಆಗದ್ದನ್ನೂ ಬರಿ. ಬಾವಿ ಮತ್ತು ಅಡುಗೆಮನೆಯ ನಡುವೆ ತೋಟವನ್ನು ಇಟ್ಟನಲ್ಲ, ಆ ಜೋಡಣೆ ಮಾತ್ರ ನನಗೆ ಬಹಳ ಹಿಡಿಸಿದೆ. ಈಗಿನವರು ಕೊಯ್ಲಿಗೇ ಲೇಖನ ಮುಗಿಸುತ್ತಾರೆ, ಒಲೆಯವರೆಗೆ ಬರುವುದೇ ಇಲ್ಲ.

ನಿನಗೆ ಮೊದಲ ಬರಹಕ್ಕೆ ವಿಷಯ ಬೇಕು ಅಂದಿಯಲ್ಲ, ದೂರ ಹೋಗಬೇಡ. ಬನದ ಹುಣ್ಣಿಮೆಯ ಜಾತ್ರೆಗೆ ಮುಂಚೆ ಬಾದಾಮಿಯ ಬನಶಂಕರಿಯಲ್ಲಿ ಪಲ್ಲೇದ ಹಬ್ಬ ಆಗುತ್ತದೆ. ದೇವಿ ಶಾಕಂಬರಿ, ನೂರೆಂಟು ಬಗೆಯ ಕಾಯಿಪಲ್ಲೆಯ ನೈವೇದ್ಯ. ಪ್ರತಿ ವರ್ಷ ಪತ್ರಿಕೆಗಳಲ್ಲಿ ನೂರೆಂಟು ಎಂಬ ಅಂಕಿ ಅಚ್ಚಾಗುತ್ತದೆ, ನೂರೆಂಟು ಹೆಸರು ಅಚ್ಚಾದದ್ದನ್ನು ನಾನು ನೋಡಿಲ್ಲ. ಪಲ್ಲೆ ಹಸನು ಮಾಡುವ ಹೆಂಗಸರ ಪಕ್ಕ ಹೋಗಿ ಕೂಡು. ಹೆಸರು ಒಂದೊಂದಾಗಿ ಬರೆದುಕೊ. ಯಾವುದು ಹಿತ್ತಲದ್ದು, ಯಾವುದು ಜೋಳದ ಹೊಲದ ಅಕ್ಕಡಿ ಸಾಲಿನದ್ದು, ಹಕ್ಕರಿಕಿಯಂತೆ ತಾನಾಗಿ ಎದ್ದದ್ದು ಯಾವುದು, ಮಾರ್ಕೆಟಿನಿಂದ ತಂದದ್ದು ಯಾವುದು ಎಂದು ಕೇಳು. ನಿಮ್ಮ ಅತ್ತೆಯ ಕಾಲದಲ್ಲಿ ಹಾಕುತ್ತಿದ್ದು ಈಗ ಸಿಗದ ಪಲ್ಲೆ ಯಾವುದು ಎಂದು ಕೇಳುವುದನ್ನು ಮರೆಯಬೇಡ; ಕಳೆನಾಶಕ ಬಂದ ಮೇಲೆ ಹೊಲದ ಪಲ್ಲೆ ಎಷ್ಟು ಹೋಯಿತೆಂಬ ಲೆಕ್ಕ ಅಲ್ಲೇ ಸಿಕ್ಕರೂ ಸಿಕ್ಕೀತು. ಗುರುತು ಹತ್ತದ್ದನ್ನು ಹಾಳೆಗಳ ನಡುವೆ ಒತ್ತಿಟ್ಟುಕೊಂಡು ನಿನ್ನ ವಿಶ್ವವಿದ್ಯಾಲಯದ ಮೇಷ್ಟ್ರಿಗೆ ತೋರಿಸು. ನೂರೆಂಟು ಆಗದಿದ್ದರೆ ಎಷ್ಟಾಯಿತೋ ಅಷ್ಟನ್ನೇ ಬರಿ. ಮರುವರ್ಷ ಮತ್ತೆ ಹೋಗಿ ಆ ಪಟ್ಟಿಯನ್ನೇ ಅವರ ಮುಂದೆ ಓದು, ಬಿಟ್ಟುಹೋದದ್ದನ್ನು ಅವರೇ ಹೇಳಿ ತುಂಬಿಸುತ್ತಾರೆ.